ಹೇಳಿಕೊಳ್ಳಲಾಗದ ತುರಿಕೆಗೆ ಒಂದು ಬಾಟಲಿ ನೀರು

ಹೋದ ಭಾನುವಾರ ನನ್ನ ಮಾವ ನನ್ನ ಮುಂಗೈ ಚಿವುಟಿದರು. ತಮಾಷೆಗಲ್ಲ. ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಬಿಟ್ಟು, ಅದು ಎಷ್ಟು ಹೊತ್ತಿಗೆ ಕೆಳಗಿಳಿಯುತ್ತದೆ ಅಂತ ನೋಡುತ್ತಾ ನಿಂತರು. ಅವರು ಹೆಸರಘಟ್ಟದಲ್ಲಿ ನಲವತ್ತು ವರ್ಷದಿಂದ ಹಸು ಸಾಕಿಕೊಂಡು ಬಂದವರು. ಕರು ಭೇದಿಯಾಗಿ ಸೊರಗಿದರೆ ಹೀಗೇ ಚಿವುಟಿ ನೋಡುತ್ತಾರೆ. ಅಳಿಯನನ್ನು ಹೀಗೆ ಚಿವುಟಿ ನೋಡಿದ್ದು ಇದೇ ಮೊದಲು.

ಈ ಗತಿ ಯಾಕೆ ಬಂತು ಅಂತ ಹೇಳಬೇಕಾದರೆ ಸ್ವಲ್ಪ ನಾಚಿಕೆ ಬಿಡಬೇಕು. ಬಿಟ್ಟಿದ್ದೇನೆ. (ಕಾಫಿ ಕುಡಿಯುತ್ತಾ ಓದುತ್ತಿರುವವರು ದಯವಿಟ್ಟು ಮುಗಿಸಿ ಬನ್ನಿ.)

ನನಗೆ ತುರಿಕೆ. ಎಲ್ಲಿ? ಕ್ರಿಕೆಟ್ ಆಡುವಾಗ ಗಂಡಸರು ಗಾರ್ಡ್ ಹಾಕಿಕೊಳ್ಳುತ್ತಾರಲ್ಲ, ಅಲ್ಲಿ. ತೊಡೆಸಂದಿಯೂ ಸೇರಿದಂತೆ. ಮೂರು ವಾರದಿಂದ. ತಲೆ ಕೆರೆದುಕೊಂಡರೆ ಏನೋ ಯೋಚಿಸುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಇದಕ್ಕೇನು ಮಾಡೋದು? ಮೀಟಿಂಗಿನಲ್ಲಿ ಪೆನ್ ಬೀಳಿಸಿ, ಎತ್ತುವ ನೆಪದಲ್ಲಿ ಮೇಜಿನ ಕೆಳಗೆ ಕೆಲಸ ಮುಗಿಸಿಕೊಳ್ಳುತ್ತಿದ್ದೆ. ಒಂದು ದಿನ ಐದು ಸಲ ಪೆನ್ ಬಿತ್ತು. ಪಕ್ಕದಲ್ಲಿದ್ದವರು ತಮ್ಮದನ್ನೇ ಕೊಟ್ಟು, "ಸರ್, ಇದ್ರ ಗ್ರಿಪ್ ಚೆನ್ನಾಗಿದೆ" ಅಂದರು.

ಔಷಧಿಯನ್ನೂ ನಾನೇ ಮಾಡಿಕೊಂಡೆ. ಸ್ನಾನದ ನೀರಿಗೆ ಆಂಟಿಸೆಪ್ಟಿಕ್, ಮೊದಲು ಒಂದು ಮುಚ್ಚಳ, ಆಮೇಲೆ ಮೂರು. ಎರಡೆರಡು ಸಲ ಸೋಪು. ಮೇಲೆ ಪೌಡರು. ತುರಿಕೆ ಇನ್ನಷ್ಟು ಜೋರಾಯಿತು. ತಪ್ಪೆಲ್ಲ ಬಟ್ಟೆ ಒಗೆಯುವ ಪುಡಿಯದು ಅಂತ ತೀರ್ಮಾನಿಸಿ, ನನ್ನ ಒಳಚಡ್ಡಿಗಳನ್ನು ನಾನೇ ಕದ್ದುಮುಚ್ಚಿ ಒಗೆಯತೊಡಗಿದೆ.

ಹೆಂಡತಿ ಅಲ್ಲೇ ಹಿಡಿದಳು. ಅವಳು ಟಿ. ದಾಸರಹಳ್ಳಿಯ ಒಂದು ಸ್ಕೂಲಿನಲ್ಲಿ ಟೀಚರ್. ಕಾಪಿ ಹೊಡೆಯುವವರನ್ನು ಮುಖ ನೋಡಿಯೇ ಹಿಡಿಯುತ್ತಾಳೆ. ಹತ್ತೊಂಬತ್ತು ವರ್ಷ ಒಂದು ಕರ್ಚೀಫನ್ನೂ ಒಗೆಯದ ಗಂಡ ಇದ್ದಕ್ಕಿದ್ದಂತೆ ಬಾಗಿಲು ಹಾಕಿಕೊಂಡು ಒಳಚಡ್ಡಿ ಒಗೆದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ?

"ಏನ್ರೀ ಮುಚ್ಚಿಡ್ತಿದ್ದೀರಾ ನನ್ನಿಂದ?"

"ಏನೂ ಇಲ್ವಲ್ಲ."

"ಇಲ್ಲ ಅಂದ್ರೆ ನನ್ನ ಮುಖ ನೋಡ್ಕೊಂಡ್ ಹೇಳಿ."

ನೋಡಲಾಗಲಿಲ್ಲ. ಅವತ್ತಿನಿಂದ ಮನೆಯಲ್ಲಿ ಮಾತು ಕಮ್ಮಿಯಾಯಿತು. ಮೇಜಿನ ಮೇಲೆ ತಿಂಡಿ ಇರುತ್ತಿತ್ತು, ಎದುರಿಗೆ ಅವಳು ಇರುತ್ತಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಒಂದು ತುರಿಕೆಗೋಸ್ಕರ ಸಂಸಾರ ಹಾಳು ಮಾಡಿಕೊಳ್ಳುವುದಾ? ಆದರೂ ಬಾಯಿ ಬರಲಿಲ್ಲ.

ಹೀಗಿರುವಾಗ ಆ ಭಾನುವಾರ ಮಾವನ ಮನೆಗೆ ಹೋದೆವು. ಅಳಿಯ ಬಂದ ಅಂತ ಅತ್ತೆ ಮುದ್ದೆ, ನಾಟಿಕೋಳಿ ಸಾರು ಮಾಡಿದ್ದರು. ಊಟ ಮುಗಿಯುವ ಹೊತ್ತಿಗೆ ಸರಿಯಾಗಿ ಶುರುವಾಯಿತು. ಕೈ ತೊಳೆಯುವ ನೆಪದಲ್ಲಿ ಎದ್ದು ಹಿತ್ತಲಿಗೆ ಓಡಿದೆ. ನಲ್ಲಿಯವರೆಗೆ ಹೋಗುವಷ್ಟು ತಾಳ್ಮೆ ಇರಲಿಲ್ಲ. ಎಡಗೈಯಲ್ಲಿ ಪಂಚೆ, ಬಲಗೈಯಲ್ಲಿ ಖಾರದ ಸಾರು. (ಆ ಕೈಯನ್ನು ಅಲ್ಲಿಗೆ ಒಯ್ಯುವಷ್ಟು ದಡ್ಡ ನಾನಲ್ಲ.) ಕೊಟ್ಟಿಗೆಯಲ್ಲಿ ಒಂದು ಕಲ್ಲುಕಂಬ ಕಾಣಿಸಿತು. ಒಳ್ಳೇ ಒರಟು ಕಂಬ.

"ಅಳಿಯಂದ್ರೇ," ಹಿಂದಿನಿಂದ ದನಿ ಬಂತು, "ಅದು ಎಮ್ಮೆ ಕಂಬ."

ಮಾವ. ಕೈಯಲ್ಲಿ ಬೂಸಾದ ಬಕೆಟ್. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವರು ನಗಲಿಲ್ಲ. ಬಕೆಟ್ ಕೆಳಗಿಟ್ಟು, ನನ್ನ ಎಡಗೈ ಹಿಡಿದು ಚಿವುಟಿದ್ದು ಆಗಲೇ.

"ನೀರ್ ಕುಡಿಯಾಕಿಲ್ವಾ ನೀವು? ತುಟಿ ನೋಡಿ, ಎಂಗೆ ಒಡ್ದೋಗವೆ. ಅಸೀನ್ ಚರ್ಮ ಇಂಗೆ ನಿಂತ್ಕಂಡಿದ್ರೆ ಇಷ್ಟೊತ್ಗೆ ಡಾಕ್ಟ್ರುನ್ನ ಕರ್ಸ್ತಿದ್ದೆ."

ನಿಜ, ಕುಡಿಯುತ್ತಿರಲಿಲ್ಲ. ನಮ್ಮ ಮನೆ ಬಾಗಲಗುಂಟೆಯಲ್ಲಿ, ಆಫೀಸು ಹೆಬ್ಬಾಳದಾಚೆ. ಒಂದು ಸಲ ಹೊರಡುವ ಮುಂಚೆ ಗಟಗಟ ಎರಡು ಲೋಟ ಕುಡಿದು, ಹೆಬ್ಬಾಳದ ಫ್ಲೈಓವರ್ ಮೇಲೆ ಒಂದು ಗಂಟೆ ಸಿಕ್ಕಿಹಾಕಿಕೊಂಡೆ. ಕೊನೆಯ ಹತ್ತು ನಿಮಿಷ ಮನೆದೇವರಿಗೆ ಹರಕೆ ಹೊತ್ತು ಕಳೆದೆ. ಆಮೇಲೆ ಹಗಲು ಹೊತ್ತು ನೀರನ್ನೇ ಬಿಟ್ಟುಬಿಟ್ಟೆ. ಹೆಂಡತಿ ದಿನಾ ತುಂಬಿಸಿ ಕೊಡುವ ಬಾಟಲಿಯನ್ನು ಸಂಜೆ ಕಾರಿನ ಗಾಜಿಗೆ ಸುರಿದು, ಖಾಲಿ ಬಾಟಲಿ ಒಪ್ಪಿಸುತ್ತಿದ್ದೆ. ಇಡೀ ಬೀದಿಯಲ್ಲಿ ನನ್ನ ಗಾಜೇ ಕ್ಲೀನು.

"ನಂಗೂ ಆಗಿತ್ತು ಕಣ್ರೀ, ಒಂದ್ ಬ್ಯಾಸ್ಗೇಲಿ," ಅಂದರು ಮಾವ, ಎಮ್ಮೆ ಕಡೆ ನೋಡುತ್ತಾ. "ಒಂದ್ ತಿಂಗ್ಳು ಯಾರ್ಗೂ ಯೋಳ್ನಿಲ್ಲ. ನೀವ್ ಅಂಗ್ ಮಾಡ್ಬ್ಯಾಡಿ. ಡಾಕ್ಟ್ರುಗೆ ಆಮೇಲ್ ಯೋಳಿ, ಮೊದ್ಲು ನನ್ ಮಗ್ಳಿಗೆ ಯೋಳಿ. ಬೆಳಗ್ಗೆ ಬಂದೇಟ್ಗೆ ಅವ್ರಮ್ಮನ್ ತಾವ ಕುಂತ್ಕಂಡು ಅತ್ಲು."

ಆ ಮಾತಿಗೆ ತುರಿಕೆಯೇ ನಿಂತುಹೋಯಿತು. ಬಹಳ ಬೇಜಾರಾಯಿತು.

ವಾಪಸ್ ಬರುವಾಗ ಕಾರಿನಲ್ಲಿ ಎಲ್ಲಾ ಹೇಳಿದೆ, ತುರಿಕೆಯನ್ನೂ ಬಾಟಲಿ ನೀರಿನ ಕತೆಯನ್ನೂ. ರಸ್ತೆ ನೋಡಿಕೊಂಡೇ ಹೇಳಿದೆ. ಅವಳು ನನ್ನ ಕಡೆ ತಿರುಗಿದಳು. ಆಮೇಲೆ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಕಣ್ಣೊರೆಸಿಕೊಂಡು, "ಹತ್ತೊಂಬತ್ ವರ್ಷದಿಂದ ನಿಮ್ ಚಡ್ಡಿ ಒಗೀತಿರೋಳು ನಾನು. ನನ್ ಹತ್ರ ಎಂಥಾ ಮರ್ಯಾದೆ ಕಾಪಾಡ್ಕೊಂಡ್ರಿ?" ಅಂದಳು. ಒರೆಸಿಕೊಂಡದ್ದು ನಗುವಿನ ಕಣ್ಣೀರು ಮಾತ್ರ ಅಲ್ಲ ಅಂತ ನನಗೆ ಗೊತ್ತಾಯಿತು.

ಸೋಮವಾರ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ನಮ್ಮ ಏರಿಯಾದ ಹಳೇ ಡಾಕ್ಟರು, ಜಾಸ್ತಿ ಮಾತಿಲ್ಲ. ಪರೀಕ್ಷೆ ಮಾಡಿದರು. "ಫಂಗಸ್ ಅಲ್ಲ. ಚರ್ಮ ಒಣಗಿದೆ. ಅದ್ರ ಮೇಲೆ ನೀವು ಆಂಟಿಸೆಪ್ಟಿಕ್ ಹಾಕಿ ತಿಕ್ಕಿದ್ದೀರಿ. ಅದನ್ನ ಬಿಡಿ. ಸಡಿಲವಾದ ಕಾಟನ್ ಹಾಕಿ, ಈ ಕ್ರೀಮ್ ಹಚ್ಚಿ, ಸರಿಯಾಗಿ ನೀರ್ ಕುಡೀರಿ. ಬರೀ ನೀರಿಂದ್ಲೇ ಎಲ್ಲಾ ತುರಿಕೆ ಹೋಗಲ್ಲ, ಹತ್ತು ದಿನದಲ್ಲಿ ಕಮ್ಮಿ ಆಗ್ಲಿಲ್ಲ ಅಂದ್ರೆ ಬನ್ನಿ."

ಇಷ್ಟು ಸಾಕಾಯಿತು ನಮ್ಮ ಟೀಚರಿಗೆ. "ನೋಡಿ ಡಾಕ್ಟ್ರೇ, ಬೆಳಗ್ಗೆಯಿಂದ ಸಂಜೆವರೆಗೂ ಒಂದ್ ತೊಟ್ಟು ನೀರು ಕುಡಿಯಲ್ವಂತೆ ಇವ್ರು! ಸ್ವಲ್ಪ ಬೈದ್ ಹೇಳಿ." ನಾನು ತಲೆ ತಗ್ಗಿಸಿ ಕೂತೆ.

ಡಾಕ್ಟರು ಬರೆಯುತ್ತಲೇ ಕೇಳಿದರು. "ನೀವೆಷ್ಟು ಕುಡೀತೀರಿ ಮೇಡಂ?"

ಅವಳು ಬ್ಯಾಗಿನ ಜಿಪ್ ಎಳೆದಳು, ಬಿಟ್ಟಳು. "ಸ್ಕೂಲಲ್ಲಿ ಕುಡಿಯಲ್ಲ ಡಾಕ್ಟ್ರೇ. ಅಲ್ಲಿನ ಟಾಯ್ಲೆಟ್ಟಿಗೆ ಕಾಲಿಡೋಕಾಗಲ್ಲ. ಸಂಜೆ ಮನೆಗ್ ಬಂದ್ಮೇಲೆ."

"ಎಷ್ಟ್ ವರ್ಷದಿಂದ?"

"ಕೆಲ್ಸಕ್ಕೆ ಸೇರ್ದಾಗಿಂದ."

ನನ್ನ ಮೂರು ವಾರದ ತುರಿಕೆಗೆ ಮಾವ ಬಂದರು, ಹೆಂಡತಿ ಬಂದಳು, ಕೊನೆಗೆ ಈ ಅಂಕಣವೂ ಬಂತು. (ಅವಳ ಪರ್ಮಿಷನ್ ತೆಗೆದುಕೊಂಡೇ ಬರೆಯುತ್ತಿದ್ದೇನೆ.) ಅವಳಿಗೆ? ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ "ನೀನು ನೀರು ಕುಡಿದೆಯಾ" ಅಂತ ಅವಳನ್ನು ಕೇಳಿದ ಮೊದಲ ಗಂಡಸು ಆ ಡಾಕ್ಟರು.