ಡ್ರೈವರಿಲ್ಲದ ಸಾವ್ಕಾರರ ಗಾಡಿ

ನಮ್ಮ ಮನೆಗೆ ಮೊದಲ ಕಾರು ಬಂದದ್ದು ಕಾರಿನ ಮೇಲಿನ ಆಸೆಯಿಂದಲ್ಲ, ಡ್ರೈವರುಗಳ ಮೇಲಿನ ಸಿಟ್ಟಿನಿಂದ.

ನಮ್ಮಪ್ಪ ಬಳ್ಳಾರಿ ಗಡಿಯಾಚೆಯ ಆದೋನಿಯ ಹತ್ತಿ ವ್ಯಾಪಾರಿ. ನಾನು ಹೈಸ್ಕೂಲಿನಲ್ಲಿದ್ದ ಕಾಲಕ್ಕೆ ಮಾರ್ಕೆಟ್ ಯಾರ್ಡಿನ ದೊಡ್ಡ ಸಾವ್ಕಾರರೆಲ್ಲ ಎಮ್ಮೆಯಂಥ ಭಾರದ ಕಾರುಗಳಲ್ಲಿ ಓಡಾಡುತ್ತಿದ್ದರು. ಅವುಗಳ ಸ್ಟೇರಿಂಗ್ ತಿರುಗಿಸಲು ತೋಳಿನಲ್ಲಿ ಕಸುವು ಬೇಕು, ಆದ್ದರಿಂದ ಡ್ರೈವರ್ ಬೇಕು. ಸಾವ್ಕಾರರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರುತ್ತಿದ್ದರು. ಅಪ್ಪನೂ ಅಂಥದೊಂದನ್ನು ಬಾಡಿಗೆಗೆ ಹಿಡಿದು ಹಳ್ಳಿಗಳಿಗೆ ಹೋಗುತ್ತಿದ್ದ. ಯಾವ ಊರು, ಯಾರ ಹೊಲ, ಹತ್ತಿ ಹೇಗಿದೆ ಎಂಬುದೆಲ್ಲ ಸಂಜೆಯೊಳಗೆ ಚಹಾದಂಗಡಿಯಲ್ಲಿ ಡ್ರೈವರುಗಳ ಬಾಯಿಗೆ ಬೀಳುತ್ತಿತ್ತು. ಮರುದಿನ ಬೆಳಗ್ಗೆ ಅದೇ ಹೊಲದಲ್ಲಿ ನಮ್ಮ ಎದುರಂಗಡಿಯ ಸಾವ್ಕಾರರು ನಗುನಗುತ್ತ ನಿಂತಿರುತ್ತಿದ್ದರು.

ಹತ್ತಿಯ ಬೆಲೆಯನ್ನು ಆಗ ಬಾಯಲ್ಲಿ ಆಡುತ್ತಿರಲಿಲ್ಲ. ಮಾರುವವನೂ ಕೊಳ್ಳುವವನೂ ಒಂದು ಟವೆಲಿನ ಕೆಳಗೆ ಕೈ ಕೈ ಹಿಡಿಯುತ್ತಿದ್ದರು. ಒಬ್ಬರು ಇನ್ನೊಬ್ಬರ ಎಷ್ಟು ಬೆರಳು ಹಿಡಿದರು, ಹೇಗೆ ಒತ್ತಿದರು ಎಂಬುದರಲ್ಲೇ ಬೆಲೆ. ಸುತ್ತ ನಿಂತವರಿಗೆ ಟವೆಲ್ ಅಲುಗುವುದಷ್ಟೇ ಕಾಣುತ್ತಿತ್ತು. ಟವೆಲಿನ ಹೊರಗಿದ್ದವರು ಆಮೇಲೆ ಬೆಲೆ ಕೇಳುವಂತಿಲ್ಲ, ಮನೆಯವರಾದರೂ ಸರಿ. ಈಗ ಯಾರ್ಡಿನಲ್ಲಿ ಎಲ್ಲ ಬಹಿರಂಗ ಹರಾಜು. ಆದರೂ ಹೊಲದ ಬದುವಿನ ಮೇಲೆ ವ್ಯಾಪಾರ ಮಾಡುವ ಕೆಲವು ಹಿರಿಯರು ಟವೆಲ್ ಬಿಟ್ಟಿಲ್ಲ.

"ಬೆಲಿ ಟವೆಲಿನಾಗ ಮುಚ್ಚಿಟ್ಟೆ, ಊರು ಮುಚ್ಚಿಡಾಕ ಆಗ್ಲಿಲ್ಲಲ್ಲ," ಎಂದು ಅಪ್ಪ ಒಂದು ದಿನ ಊಟದ ತಟ್ಟೆಯ ಮುಂದೆ ಸಿಡಿದ. "ನಾನಾ ಹೊಡಕೊಂಡು ಹೋಗೋ ಗಾಡಿ ಬೇಕು ನನಗ."

ಅಂಥ ಗಾಡಿ ಆಗಷ್ಟೇ ನಮ್ಮ ಸೀಮೆಯ ರಸ್ತೆಗಳಲ್ಲಿ ಕಾಣಿಸಿಕೊಳ್ಳುತ್ತಿತ್ತು. ಜಪಾನಿನ ಕಂಪನಿಯೊಂದು ನಮ್ಮ ಸರಕಾರದ ಜೊತೆ ಸೇರಿ ಮಾಡಿದ ಪುಟ್ಟ ಕಾರು. ಹೆಸರು ಹೇಳಿದರೆ ಜಾಹೀರಾತು ಆದೀತು, ಹೇಳದಿದ್ದರೂ ನಿಮಗೆ ಗೊತ್ತೇ ಇದೆ. ಅಪ್ಪ ನನ್ನನ್ನೂ ಕರೆದುಕೊಂಡು ಬಳ್ಳಾರಿಯ ಶೋರೂಮಿಗೆ ಹೋದ. ಅಲ್ಲಿ ಅವನು ಎಂಜಿನ್ ನೋಡಲಿಲ್ಲ, ಮೈಲೇಜ್ ಕೇಳಲಿಲ್ಲ. ನೇರ ಒಳಗೆ ಕೂತು, ಸೀಟಿನ ಹೊಲಿಗೆಯ ಸಂದಿಯಲ್ಲಿ ಬೆರಳು ತೂರಿಸಿ, ಒಳಗೆ ತುಂಬಿದ್ದನ್ನು ಒಂದು ಚಿಟಿಕೆ ಕಿತ್ತು ಹೊರಗೆಳೆದ. ಹತ್ತಿ ನೋಡುವವರ ಚಟ ಅದು. ಎರಡು ಹೆಬ್ಬೆರಳ ನಡುವೆ ಹಿಡಿದು ಸ್ವಲ್ಪ ಸ್ವಲ್ಪವೇ ಎಳೆದರೆ ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ ಎಂದು ತಿಳಿಯುತ್ತದೆ. ಕೈಗೆ ಬಂದದ್ದು ಸ್ಪಂಜಿನ ಚೂರು. ಎಳೆದರೆ ಪಟ್ಟನೆ ಹರಿಯಿತು.

"ಏನ್ರೀ ಇದು, ಇದ್ರಾಗ ಹತ್ತಿನಾ ಇಲ್ಲ!" ಎಂದು ಅಪ್ಪ ಕೆಳಗಿಳಿದುಬಿಟ್ಟ. ಹೊಸ ಕಾರಿನ ಸೀಟು ಕಿತ್ತದ್ದಕ್ಕೆ ಬೈಯಬೇಕೋ ನಗಬೇಕೋ ತಿಳಿಯದೆ ಶೋರೂಮಿನ ಯುವಕ ಕಕ್ಕಾಬಿಕ್ಕಿಯಾದ. ನಾನು ನಾಚಿಕೆಯಿಂದ ಕಂಬದ ಮರೆಗೆ ಸರಿದೆ. ಅಪ್ಪ ಬಾಗಿಲು ದಾಟುವುದರೊಳಗೆ ಆ ಯುವಕ ಹಿಂದಿನಿಂದ ಕೂಗಿದ, "ಸಾರ್, ಈ ಕಂಪನಿಯವ್ರು ಮೊದ್ಲು ಬಟ್ಟೆ ನೇಯೋ ಮಗ್ಗ ಮಾಡ್ತಿದ್ರು. ಅದೇ ದುಡಿಮೆಯಿಂದ ಕಾರಿಗೆ ಬಂದವ್ರು."

ಅಪ್ಪ ನಿಂತ. ತಿರುಗಿ ಬಂದ. "ಮಗ್ಗ?" ಎಂದ. ಆಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿ, "ಹಂಗಾದ್ರ ನಮ್ಮ ಮಂದಿನಾ," ಎಂದ. ವ್ಯಾಪಾರ ಅಲ್ಲಿಗೆ ಮುಗಿಯಿತು.

ಆ ಯುವಕ ಗಾಡಿ ಮಾರಲು ಕಥೆ ಕಟ್ಟಿರಬೇಕು ಎಂದು ನನಗೆ ಬಹಳ ಕಾಲ ಅನುಮಾನವಿತ್ತು. ಆಮೇಲೆ ಓದಿ ತಿಳಿದೆ, ನಿಜವೇ. ಮೊದಲು ಮಗ್ಗ ಮಾಡಿದರು. ಆಮೇಲೆ ಸೈಕಲ್ಲಿಗೊಂದು ಸಣ್ಣ ಎಂಜಿನ್ ಕಟ್ಟಿದರು. ಅದರಿಂದ ಮೋಟಾರ್ ಸೈಕಲ್ಲು, ಅದರಿಂದ ಪುಟ್ಟ ಕಾರು. ಕಡಿಮೆ ಕಬ್ಬಿಣದಲ್ಲಿ, ಕಡಿಮೆ ಜಾಗದಲ್ಲಿ, ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ಕೆಲಸ ತೆಗೆಯುವುದು ಅವರ ಕೈಗೆ ಹತ್ತಿದ ವಿದ್ಯೆ. ಮಗ್ಗದ ಮುಂದೆ ಬೆಳೆದವರಿಗೆ ಒಂದು ಎಳೆಯನ್ನೂ ದಂಡ ಮಾಡಲು ಮನಸ್ಸು ಬಾರದು ಎಂಬುದು ನನ್ನ ಲೆಕ್ಕಾಚಾರ.

ಎದುರಂಗಡಿಯ ಸಾವ್ಕಾರರು ನಮ್ಮ ಬಿಳಿ ಕಾರು ನೋಡಿದ ಕೂಡಲೇ ಹೆಸರಿಟ್ಟರು. "ಏನ್ ಸಾವ್ಕಾರ್ರ, ಬೆಂಕಿಪೊಟ್ಣಕ್ಕ ಗಾಲಿ ಹಚ್ಚಿಸೀರಿ?" ಯಾರ್ಡೆಲ್ಲ ನಕ್ಕಿತು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಗ್ಗೆ ಎದ್ದು ತಾನೇ ಒರೆಸಿ, ತಾನೇ ಹತ್ತಿ, ಯಾರಿಗೂ ಹೇಳದೆ ಹೊರಟುಬಿಡುತ್ತಿದ್ದ. ಇವತ್ತು ನಂದವರಂ, ನಾಳೆ ದೇವನಕೊಂಡ. ಚಹಾದಂಗಡಿಯಲ್ಲಿ ಕೂತ ಡ್ರೈವರುಗಳಿಗೆ ಅಪ್ಪನ ಬಗ್ಗೆ ಹೇಳಲು ಏನೂ ಇರುತ್ತಿರಲಿಲ್ಲ. ಒಳ್ಳೆಯ ಹತ್ತಿ ನಮ್ಮ ಅಂಗಡಿಗೆ ಬರತೊಡಗಿತು. ಈ ದೇಶದಲ್ಲಿ ಸಾವ್ಕಾರನನ್ನು ಹಿಂದಿನ ಸೀಟಿನಿಂದ ಎಬ್ಬಿಸಿ ಮುಂದೆ ಕೂರಿಸಿದ್ದು ಆ ಪುಟ್ಟ ಗಾಡಿಯೇ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ಅದರಲ್ಲೇ ನಾನು ಡ್ರೈವಿಂಗ್ ಕಲಿತೆ. ಕೂತರೆ ಮೊಣಕಾಲು ಸ್ಟೇರಿಂಗಿಗೆ ತಾಗುತ್ತಿತ್ತು, ಬಾಗಿಲು ಹಾಕಿದರೆ ತಗಡಿನ ಡಬ್ಬಿಯ ಸದ್ದು. ಆದರೆ ಗೇರು ಬೆರಳ ತುದಿಗೆ ಬೀಳುತ್ತಿತ್ತು. ಎಂಜಿನ್ ಸಣ್ಣದು, ಆದರೆ ಕಾಲು ಒತ್ತಿದಷ್ಟೂ ಹುರುಪು ಹೆಚ್ಚು. ತಿರುವಿನಲ್ಲಿ ನಾನು ಯೋಚಿಸುವುದರೊಳಗೆ ಗಾಡಿ ತಿರುಗಿರುತ್ತಿತ್ತು. ಲಾರಿಗಳ ನಡುವೆ ನುಸುಳಿ ಹೊರಬಂದಾಗ ಒಬ್ಬಳೇ ಗಟ್ಟಿಯಾಗಿ ನಕ್ಕದ್ದುಂಟು. ಆಮೇಲೆ ಅದೇ ಕಂಪನಿಯ ದುಂಡುಮುಖದ ಕೆಂಪು ಕಾರು ಬಂತು. ಅದರ ಸ್ಟೇರಿಂಗ್ ಹಿಡಿದ ದಿನವೇ ಅಪ್ಪನಿಗೆ ಹೇಳಿದೆ, "ಇನ್ನ ಮ್ಯಾಲ ನೀ ಬಾಜೂಕ ಕೂಡು." ಮದುವೆಯಾಗಿ ನಾನು ಅದೇ ಊರಲ್ಲೇ ಉಳಿದವಳು. ಗಂಡ ಬ್ಯಾಂಕಿಗೆ ಹೋದರೆ ನಾನು ಅಂಗಡಿಗೆ. ಅಪ್ಪನಿಗೆ ನಾನೊಬ್ಬಳೇ ಮಗಳು. ಹೊಲ ಹೊಲ ತಿರುಗಿ ನನ್ನ ಹೆಬ್ಬೆರಳಿಗೂ ಎಳೆ ನೋಡುವುದು ಬಂತು. ಬಾರದಿದ್ದದ್ದು ಒಂದೇ, ಟವೆಲಿನೊಳಗಿನ ವ್ಯಾಪಾರ. ಊರ ಗೌಡರು ಒಬ್ಬ ಹೆಣ್ಣುಮಗಳ ಕೈಯನ್ನು ಟವೆಲಿನ ಕೆಳಗೆ ಹಿಡಿದಾರೆಯೇ?

ಕಳೆದ ಹತ್ತಿ ಸುಗ್ಗಿಗೆ ಆ ಪ್ರಶ್ನೆ ಮನೆಬಾಗಿಲಿಗೇ ಬಂತು. ಪೆದ್ದಹರಿವಾಣದ ಗೌಡರೊಬ್ಬರು ಪ್ರತಿ ವರ್ಷ ತಮ್ಮ ಹೊಲದ ಮೊದಲ ಹತ್ತಿಯನ್ನು ಅಪ್ಪನಿಗೇ ಕೊಡುತ್ತಿದ್ದರು. ಅವರು ಕೊಟ್ಟರೆ ಸುತ್ತಲಿನ ರೈತರೂ ನಮಗೇ ಕೊಡುತ್ತಿದ್ದರು. ನಮ್ಮ ಅಂಗಡಿ ನಿಂತಿದ್ದೇ ಅದರ ಮೇಲೆ. ಆದರೆ ಅಪ್ಪನಿಗೆ ಕೈ ನಡುಕ ಶುರುವಾಗಿತ್ತು. ಹಿಂದಿನ ವರ್ಷ ಟವೆಲಿನೊಳಗೆ ಅಪ್ಪನ ಬೆರಳು ನಡುಗಿ, ಯಾವ ಬೆರಳು ಬೆಲೆಯದು ಯಾವುದು ನಡುಕದ್ದು ಎಂದು ಗೌಡರಿಗೇ ಗೊಂದಲವಾಗಿತ್ತಂತೆ. ಎದುರಂಗಡಿಯವರು ಆಗಲೇ ನಮ್ಮ ಅಂಗಡಿಯ ಜಾಗ ಬಾಡಿಗೆಗೆ ಕೇಳಿದ್ದರು.

"ಈ ಸಲ ನೀ ಮಾತಾಡು," ಎಂದ ಅಪ್ಪ. "ಗೌಡ್ರು ನಿನ್ನ ಕೂಡ ವ್ಯಾಪಾರ ಮಾಡಿದ್ರ ಅಂಗಡಿ ನಿಂದು. ಇಲ್ಲಾಂದ್ರ ಎದುರಂಗಡಿಯವ್ರಿಗೆ ಬಾಡಿಗಿಗೆ ಕೊಟ್ಟು ಆರಾಮ ಕೂಡೂಣು."

ನಮ್ಮ ಅಂಗಡಿಯ ಮೇಲೆ ಬೇರೆಯವರ ಬೋರ್ಡು ನೋಡಲು ನಾನು ತಯಾರಿರಲಿಲ್ಲ.

ಹೊರಟ ದಿನದ ಹಿಂದಿನ ಸಂಜೆ ಮಳೆ ಬಿದ್ದಿತ್ತು. ಸಿರುಗುಪ್ಪದ ರಸ್ತೆ ಬಿಟ್ಟು ಹೊಲದ ದಾರಿಗೆ ಇಳಿದರೆ ಎರೆಮಣ್ಣು ಅಂಟಾಗಿ ಕಾಯುತ್ತಿತ್ತು. ಸ್ವಲ್ಪ ಮುಂದೆ ಎದುರಂಗಡಿಯ ಸಾವ್ಕಾರರ ದೊಡ್ಡ ಗಾಡಿ ದಾರಿಯ ನಡುವೆ ಹೂತು ನಿಂತಿತ್ತು. ಡ್ರೈವರ್ ಗಾಲಿ ತಿರುಗಿಸಿದಷ್ಟೂ ಅದು ಒಳಗೇ ಇಳಿಯುತ್ತಿತ್ತು. ದಾರಿಯ ಅಂಚಿಗೆ, ಜಾಲಿಯ ಸಾಲಿನ ಪಕ್ಕ, ಗರಿಕೆ ಬೆಳೆದ ಗಟ್ಟಿ ನೆಲದ ಒಂದು ಪಟ್ಟಿ ಇತ್ತು. ದೊಡ್ಡ ಗಾಡಿಗೆ ಅದು ಸಾಲದು. ನಾನು ಎರಡನೇ ಗೇರಿಗೆ ಹಾಕಿ, ಬ್ರೇಕು ಮುಟ್ಟದೆ, ಒಂದು ಬದಿಯ ಗಾಲಿಗಳನ್ನು ಗರಿಕೆಯ ಮೇಲೇ ಇಟ್ಟುಕೊಂಡು ಬಿಟ್ಟೆ. ಜಾಲಿಮುಳ್ಳು ಬಣ್ಣ ಕೆರೆದದ್ದು ಎದೆಗೇ ಕೇಳಿಸಿತು. ಬಾಲ ಒಮ್ಮೆ ಜಾರಿತು, ಸ್ಟೇರಿಂಗ್ ತುಸು ತಿರುಗಿಸಿದೊಡನೆ ನೆಟ್ಟಗಾಯಿತು. ಹಗುರಾದ ಗಾಡಿ, ಮಾತು ಕೇಳುವ ಗಾಡಿ. ನಾವು ದಾಟಿದೆವು.

ಗೌಡರು ಬದುವಿನ ಮೇಲೆ ಹೆಗಲ ಟವೆಲ್ ಸರಿಪಡಿಸಿಕೊಳ್ಳುತ್ತ ನಿಂತಿದ್ದರು. ಬುಟ್ಟಿಯಿಂದ ಒಂದು ಹಿಡಿ ಹತ್ತಿ ತೆಗೆದು ಅಪ್ಪನ ಕಡೆ ಚಾಚಿದರು. ಅಪ್ಪ ಕೈ ಚಾಚದೆ ನನ್ನ ಕಡೆ ತೋರಿಸಿದ.

"ಏಮ್ಮಾ, ನೀನಾ ನೋಡಾಕಿ?" ಎಂದರು ಗೌಡರು.

"ನಾನಾ ನೋಡಾಕಿ, ಗೌಡ್ರ." ಎಳೆದು ನೋಡಿದೆ. ಎಳೆ ಉದ್ದ, ಬೆಳ್ಳಗೆ, ಆದರೆ ಮುಷ್ಟಿಯಲ್ಲಿ ಹಿಂಡಿದರೆ ಮಳೆಯ ತಂಪು ಇನ್ನೂ ಉಳಿದಿತ್ತು. "ಹತ್ತಿ ಚೊಲೋ ಐತಿ. ಆದ್ರ ನಿನ್ನೆ ಮಳಿಗೆ ತೇವ ಹಿಡದೈತಿ. ಎರಡು ಬಿಸಲು ತೋರಸ್ರಿ, ಆಮ್ಯಾಲ ನಾ ತೂಕ ಹಾಕಸ್ತೀನಿ."

"ಸರೇ," ಎಂದು ಗೌಡರು ತಲೆಯಾಡಿಸಿದರು. ಹೆಗಲಿನ ಟವೆಲಿಗೆ ಕೈ ಹೋಯಿತು, ಅಲ್ಲೇ ನಿಂತಿತು. ಒಮ್ಮೆ ಅಪ್ಪನನ್ನು ನೋಡಿದರು, ಒಮ್ಮೆ ನನ್ನ ಬಳೆಗಳನ್ನು. ಹತ್ತಿ ಬಿಡಿಸುತ್ತಿದ್ದ ಹೆಂಗಸರು ಸಾಲು ಬಿಟ್ಟು ಹತ್ತಿರ ಬಂದು ನೋಡುತ್ತಿದ್ದರು. ಹೂತ ಗಾಡಿಯಿಂದ ಎದುರಂಗಡಿಯವರು ಪಂಚೆ ಎತ್ತಿ ಕಟ್ಟಿಕೊಂಡು ನಡೆದು ಬರುವುದು ದೂರದಲ್ಲಿ ಕಂಡಿತು. ಅಷ್ಟು ಜನರ ನಡುವೆ ಬೆಲೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಟವೆಲಿನೊಳಗೆ ಕೈ ಇಡುವಂತಿಲ್ಲ. ಇಲ್ಲಿಗೆ ಮುಗಿಯಿತು ನನ್ನ ಸಾವ್ಕಾರಿಕೆ ಎಂದುಕೊಂಡೆ.

ಆಗ ನನ್ನ ಕೆಂಪು ಗಾಡಿ ಕಣ್ಣಿಗೆ ಬಿತ್ತು. ಡ್ರೈವರಿಲ್ಲದ ಗಾಡಿ. ಅಪ್ಪ ಇಂಥ ಗಾಡಿ ಮೊದಲು ತಂದದ್ದೇ ಯಾರ ಕಿವಿಗೂ ಏನೂ ಬೀಳಬಾರದು ಎಂದು.

"ಗೌಡ್ರ, ಬರ್ರಿ, ಗಾಡ್ಯಾಗ ಕೂಡ್ರಿ. ಗ್ಲಾಸ್ ಏರಸ್ತೀನಿ. ನಾವಿಬ್ರಾ, ಮೂರನೇದವ್ರಿಲ್ಲ."

ಗೌಡರು ಮೀಸೆಯಲ್ಲೇ ನಕ್ಕರು. ಆದರೆ ಅಪ್ಪ ನಮಗಿಂತ ಮೊದಲೇ ಅಭ್ಯಾಸಬಲದಿಂದ ಹೋಗಿ ತನ್ನ ಸೀಟಿನಲ್ಲಿ ಕೂತುಬಿಟ್ಟಿದ್ದ.

"ಅಪ್ಪಾ, ನೀ ಇಳಿ," ಎಂದೆ. ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಅಪ್ಪ ನನ್ನ ಮುಖವನ್ನೇ ನೋಡಿದ. ಆಮೇಲೆ ಬಾಗಿಲು ಹಿಡಿದು ಮೆಲ್ಲಗೆ ಇಳಿದು, ಗೌಡರಿಗೆ ತಾನೇ ಬಾಗಿಲು ಹಿಡಿದ.

ಗ್ಲಾಸ್ ಏರಿಸಿ ಎಂಜಿನ್ ಹಚ್ಚಿ ಫ್ಯಾನ್ ಹಾಕಿದೆ. ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಮರೆತ ಹತ್ತಿ ಮಾದರಿಗಳ ನಾರೆಲ್ಲ ಫ್ಯಾನಿನ ಕಿಂಡಿಯೊಳಗೆ ಸೇರಿತ್ತೋ ಏನೋ, ಭರ್ರೆಂದು ಎದ್ದು ಗೌಡರ ಮೀಸೆಗೆಲ್ಲ ಹತ್ತಿಕೊಂಡಿತು. ಅವರು ಸೀನುತ್ತಲೇ ಹೆಗಲ ಟವೆಲ್ ತೆಗೆದು ನಮ್ಮಿಬ್ಬರ ನಡುವಿನ ಗೇರಿನ ಮೇಲೆ ಹೊದಿಸಿದರು. "ಟವೆಲ್ ಇಲ್ದ ವ್ಯಾಪಾರ ನಾ ಯಾವತ್ತೂ ಮಾಡಿಲ್ಲಮ್ಮಾ," ಎಂದರು. ಆಮೇಲೆ ನಾವು ಬಾಯಿಬಿಟ್ಟು ಮಾತಾಡಿದೆವು. ಅವರು ಹೇಳಿದರು, ನಾನು ಇಳಿಸಿದೆ. ಅವರು ಏರಿಸಿದರು, ನಾನು ತೇವ ನೆನಪಿಸಿದೆ. ಹೊರಗೆ ಅಪ್ಪ ಬಾನೆಟ್ಟಿನ ಮೇಲೆ ಕೈಯೂರಿ, ನಮಗೆ ಬೆನ್ನು ಮಾಡಿ ನಿಂತಿದ್ದ. ಕೊನೆಗೆ ಗೌಡರು "ಆಯ್ತು, ತಗೋ" ಎಂದು ಮೊದಲ ಹಿಡಿ ಹತ್ತಿಯನ್ನು ನನ್ನ ಸೆರಗಿಗೆ ಹಾಕಿದರು. ಕಣ್ಣು ಒದ್ದೆಯಾಯಿತು. ಫ್ಯಾನಿನ ನಾರು ಎಂದು ಒರೆಸಿಕೊಂಡೆ.

ನಾನು ಗ್ಲಾಸ್ ಇಳಿಸುವಾಗ ಎದುರಂಗಡಿಯವರು ಅಪ್ಪನನ್ನು ಕೇಳುತ್ತಿದ್ದರು. "ಎಷ್ಟಕ್ಕ ಆತ್ರೀ ಸಾವ್ಕಾರ್ರ?"

"ನನಗೇನ್ ಗೊತ್ರೀ," ಎಂದ ಅಪ್ಪ. "ನಾ ಟವೆಲಿನ ಹೊರಗಿದ್ದೆ."

ಎದುರಂಗಡಿಯವರ ಗಾಡಿ ಎಳೆಯಲು ಟ್ರ್ಯಾಕ್ಟರ್ ಬರಬೇಕಿತ್ತು. ಡ್ರೈವರನನ್ನು ಅಲ್ಲೇ ಬಿಟ್ಟು ಅವರನ್ನು ಕರೆದೆವು. "ಬೆಂಕಿಪೊಟ್ಣದಾಗ ಜಾಗ ಐತಿ, ಬರ್ರಿ," ಎಂದೆ. ಕೆಸರಿನ ಕಾಲು ಒರೆಸಿ, ಮೊಣಕಾಲು ಮಡಚಿ ಹಿಂದೆ ಕೂತರು. ಮುಂದಿನ ಸೀಟಿನಲ್ಲಿ ಗೌಡರು ಕೊಟ್ಟ ಹತ್ತಿಯ ಮಾದರಿ ಚೀಲ ಇಟ್ಟಿದ್ದೆ. ಅಪ್ಪ ಅದನ್ನು ಸರಿಸಲಿಲ್ಲ, ತಾನೂ ಹಿಂದೆಯೇ ಕೂತ. ಹಿಂದಿನ ಸೀಟನ್ನು ಕಂಡರಾಗದ ಮನುಷ್ಯ ನಮ್ಮ ಗಾಡಿಯಲ್ಲಿ ಹಾಗೆ ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ದಾರಿಯುದ್ದಕ್ಕೂ ಯಾರೂ ಬೆಲೆಯ ಮಾತೆತ್ತಲಿಲ್ಲ. ಎದುರಂಗಡಿಯವರನ್ನು ಇಳಿಸಿದ ಮೇಲೂ ಅಪ್ಪ ಎತ್ತಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕೇಳುವ ಆಸೆ ಅವನ ಮುಖದ ತುಂಬ ಕುದಿಯುತ್ತಿತ್ತು. ಅವನು ಕೇಳಿದ್ದರೆ ನಾನು ಹೇಳಿಬಿಡುತ್ತಿದ್ದೆ. ಕೇಳಲಿಲ್ಲವಲ್ಲ, ಅದಕ್ಕೇ ನನ್ನ ಎದೆ ಉಬ್ಬಿತು.

ಮನೆಗೆ ಬಂದಾಗ ಅವ್ವ ಅಂಗಳದಲ್ಲೇ ಕಾಯುತ್ತಿದ್ದಳು. ಅಪ್ಪ ಕಾಲು ತೊಳೆಯುವುದಕ್ಕೂ ಬಿಡದೆ ಕೇಳಿದಳು, "ಏನಾತು? ಎಷ್ಟಕ್ಕ ಮುಗೀತು?"

"ನನ್ನೇನ್ ಕೇಳ್ತಿ?" ಎಂದ ಅಪ್ಪ, ಓಣಿಗೆಲ್ಲ ಕೇಳುವ ಹಾಗೆ. "ಸಾವ್ಕಾರ್ತಿ ಅಲ್ಲಿ ಗಾಡಿ ನಿಲ್ಸಾಕತ್ತಾಳ, ಆಕಿನ್ನ ಕೇಳು."