ಇಬ್ಬರಿಗೂ ಒಟ್ಟಿಗೆ ಹಾಕಿಸೋಣ ಎಂದಿದ್ದೆ

ಅಕ್ಕನ ಮನೆ ತ್ಯಾಗರಾಜನಗರದಲ್ಲಿ, ನಮ್ಮದು ಬಸವನಗುಡಿಯಲ್ಲಿ. ಅವಳ ಮಗಳಿಗೂ ನನ್ನ ಮಗಳಿಗೂ ಆಗ ಏಳು ವರ್ಷ. ಗಾಂಧಿಬಜಾರಿಗೆ ಹೋದರೆ ಒಂದೇ ಬಟ್ಟೆಯಲ್ಲಿ ಎರಡು ಲಂಗಕ್ಕೆ ಕತ್ತರಿಸಿಕೊಂಡು ಬರುತ್ತಿದ್ದೆವು. ಒಬ್ಬಳಿಗೆ ತಂದು ಇನ್ನೊಬ್ಬಳಿಗೆ ತಾರದೆ ಇದ್ದದ್ದು ನನಗೆ ನೆನಪಿಲ್ಲ.

ಅಕ್ಕನ ಮಗಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಚಿಕಿತ್ಸೆ ಶುರುವಾಗಿ ಕೂದಲೆಲ್ಲ ಉದುರಿತು. ಬಾಯಿ ಮಾತ್ರ ಜೋರೇ. "ನಿನ್ ಜಡೆ ನಾನು ಎಳೀತೀನಿ, ನನ್ ಜಡೆ ನೀನು ಎಳಿ ನೋಡೋಣ!" ಎಂದು ನನ್ನ ಮಗಳ ಮುಂದೆ ನುಣ್ಣನೆಯ ತಲೆ ಚಾಚುತ್ತಿದ್ದಳು.

ಸೀತಾಳೆ ಸಿಡುಬಿಗೆ ಹೊಸದಾಗಿ ಲಸಿಕೆ ಬಂದಿದ್ದ ಕಾಲ ಅದು. ಒಂದು ಮಧ್ಯಾಹ್ನ ಅಕ್ಕ ಆಸ್ಪತ್ರೆಯಿಂದ ನೇರವಾಗಿ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡುತ್ತಲೇ, "ಇವಳಿಗೆ ಆ ಇಂಜೆಕ್ಷನ್ ಈಗ ಕೊಡೋ ಹಾಗಿಲ್ವಂತೆ ಕಣೇ. ಮೈ ತಡ್ಕೊಳಲ್ವಂತೆ. ಜೊತೇಲಿ ಆಡೋ ಮಕ್ಕಳಿಗೆ ಹಾಕ್ಸಿ ಅಂದ್ರು ಡಾಕ್ಟರು. ನಿನ್ ಮಗಳಿಗೆ ಹಾಕ್ಸ್‌ಬಿಡು" ಎಂದಳು.

ನನಗೆ ಒಳಗೇ ಚುಚ್ಚಿದಂತಾಯಿತು. ಕಾಯಿಲೆ ಮಗುವಿಗೆ ಇಲ್ಲದ್ದು ಗುಂಡುಕಲ್ಲಿನಂತಿರುವ ನನ್ನ ಮಗಳಿಗೆ ಏಕೆ? ನಾವು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು, ಪಕ್ಕದವಳಿಗೆ ಕೊಡದೆ ಒಂದು ಪೆಪ್ಪರ್‌ಮಿಂಟನ್ನೂ ನಮಗೆ ಬಾಯಿಗೆ ಹಾಕಿಕೊಳ್ಳಲು ಬಿಡುತ್ತಿರಲಿಲ್ಲ.

"ಹೋಗಕ್ಕ, ನನ್ ಮಗಳಿಗೇನು ಅವಸರ? ಇವಳು ಹುಷಾರಾಗ್ಲಿ. ಇಬ್ಬರಿಗೂ ಒಟ್ಟಿಗೇ ಹಾಕ್ಸೋಣ."

ಅಕ್ಕನ ಕಣ್ಣು ತುಂಬಿತು. ನನ್ನ ಕೈ ಹಿಡಿದುಕೊಂಡಳು. ಸೂಜಿ ಚುಚ್ಚುವುದು ನನ್ನ ಮಗಳಿಗಾದರೂ ಅದು ಕಾಯುವುದು ಅವಳ ಮಗಳನ್ನು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಎರಡು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಮಕ್ಕಳಿಬ್ಬರೂ ನಮ್ಮ ನಡುಮನೆಯಲ್ಲಿ ಒಂದೇ ಚಾಪೆಯ ಮೇಲೆ ಚೌಕಾಬಾರ ಆಡಿದರು. ಮಾರನೆಯ ಬೆಳಿಗ್ಗೆ ತಲೆ ಬಾಚುವಾಗ ಮಗಳ ಕಿವಿಯ ಹಿಂದೆ ನೀರಿನ ಹನಿಯಂಥದ್ದು ಕಂಡಿತು. ಸೆರಗಿನಿಂದ ಒರೆಸಿದೆ. ಹೋಗಲಿಲ್ಲ.

ಕೂಡಲೇ ಅಕ್ಕನಿಗೆ ಫೋನ್ ಮಾಡಿದೆ. ಅವಳು ಆಗಲೇ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಔಷಧಿ ಕೊಟ್ಟರು, ಕಾಯಲು ಹೇಳಿದರು. ಎರಡು ವಾರಕ್ಕೆ ಅಕ್ಕನ ಮಗಳಿಗೂ ಗುಳ್ಳೆ ಎದ್ದವು, ರೋಗ ಶ್ವಾಸಕೋಶಕ್ಕೂ ಇಳಿಯಿತು. ನೋಡಲು ಹೋದಾಗ, "ಚಿಕ್ಕಮ್ಮ, ಅವಳಿಗೆ ಜಾಸ್ತಿನಾ, ನಂಗೆ ಜಾಸ್ತಿನಾ?" ಎಂದು ಕೇಳಿದಳು. ಅದರಲ್ಲೂ ಅವಳಿಗೆ ಗೆಲ್ಲಬೇಕಿತ್ತು.

"ನಿಂಗೇ ಜಾಸ್ತಿ, ಪುಟ್ಟಿ."

ನಾಲ್ಕನೆಯ ದಿನ ಹೋಗಿಬಿಟ್ಟಳು.

ಅಕ್ಕ ನನ್ನನ್ನು ಏನೂ ಅನ್ನಲಿಲ್ಲ. ಎಷ್ಟೋ ದಿನಗಳಾದ ಮೇಲೆ ಒಮ್ಮೆ ಇಬ್ಬರೂ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಾಗ, ಕೈಯಲ್ಲಿದ್ದ ಕಾಯಿಯನ್ನೇ ನೋಡುತ್ತಾ ಹೇಳಿದಳು: "ನಾನೇ ಬಲವಂತ ಮಾಡ್ಬೇಕಿತ್ತು ಕಣೇ. ನೀನು ಹಾಗಂದಾಗ ನಂಗೆ ಖುಷಿಯಾಗ್ಬಿಡ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಪ್ಪೆಯ ಮೊರ ಎತ್ತಿಕೊಂಡು ಹಿತ್ತಲಿಗೆ ನಡೆದೆ.