ಫಸಫಸ ದುಂಡವ್ವ

ದುಂಡವ್ವ ಸತ್ತಿಯ ಕುರಿಗಾರರ ಮನೆಯ ಮಗಳು. ಕೃಷ್ಣೆಯ ದಂಡೆಯಲ್ಲಿ ಕುರಿ ಒಂದು ಹೊಲ ಮೇಯುವಷ್ಟರಲ್ಲಿ ಅವಳು ಮೂರು ಹೊಲ ಸುತ್ತಿ ಬಂದಿರುತ್ತಿದ್ದಳು. ಎಂಬತ್ಮೂರನೆಯ ಇಸವಿಯಲ್ಲಿ ಕುಡಚಿಯ ಮಾಳಸಿದ್ದನಿಗೆ ಕೊಟ್ಟು ಕಳಿಸುವಾಗ ಅವ್ವ ಕೆಂಪವ್ವ ಹೇಳಿದ್ದು ಒಂದೇ ಮಾತು: "ಅಲ್ಲಿ ಹೋಗಿಯಾದ್ರೂ ಒಂದೀಟ ಕುಂದರೂದ ಕಲಿ."

ಮಾಳಸಿದ್ದನಿಗೆ ರೈಲು ಸ್ಟೇಷನ್ನಿನ ಎದುರು ಗೋಟಿ ಸೋಡಾದ, ಅಂದರೆ ಗೋಲಿ ಸೋಡಾದ, ಅಂಗಡಿ ಇತ್ತು. ನೀರು ತುಂಬಿದ ಬಾಟಲಿಯನ್ನು ಮಷಿನ್ನಿನ ಪೆಟ್ಟಿಗೆಯಲ್ಲಿಟ್ಟು ಹಿಡಿಕೆ ತಿರುವಿದರೆ ಒಳಗೆ ಗ್ಯಾಸು ತುಂಬಿ, ಗಾಜಿನ ಗೋಟಿ ಬಾಯಿಗೆ ಬಂದು ಕೂರುತ್ತಿತ್ತು. ಅವನು ಮಾತು ಕಡಿಮೆಯ ಮನುಷ್ಯ, ಕೇಳಿದ್ದು ಕೊಟ್ಟು ಸುಮ್ಮನಾಗುವವನು. ತಿಂಗಳೊಪ್ಪತ್ತಿನಲ್ಲಿ ಹಿಡಿಕೆ ದುಂಡವ್ವನ ಕೈಗೆ ಬಂತು. ರೈಲು ನಿಂತರೆ ಸಾಕು, ಎರಡೂ ಕೈಯಲ್ಲಿ ಬಾಟಲಿ ಹಿಡಿದು ಡಬ್ಬಿಯಿಂದ ಡಬ್ಬಿಗೆ ಓಡುತ್ತಿದ್ದಳು. ಕೆಲವರಿಗೆ ಮರಾಠಿ, ಕೆಲವರಿಗೆ ಉರ್ದು, ಉಳಿದವರಿಗೆ ಕನ್ನಡ. ಒಂದು ದಿನ ಮೀರಜಿನ ಮುದುಕಿಯೊಬ್ಬಳು ಕಿಟಕಿಯಿಂದ ಬಾಟಲಿ ಇಸಿದುಕೊಂಡು, ಉಕ್ಕುವ ನೊರೆಯನ್ನೂ ಇವಳನ್ನೂ ನೋಡಿ ನಕ್ಕಳು.

"ಅಗ ಬಾಯಿ! ಸೋಡಾನೂ ಫಸಫಸ, ಸೋಡಾದಾಕಿನೂ ಫಸಫಸ!"

ಬುರುಬುರು ಉಕ್ಕುವುದಕ್ಕೆ ಮರಾಠಿಯವರು ಹೇಳುವ ಮಾತು ಅದು. ಪ್ಲಾಟ್‌ಫಾರ್ಮಿನವರು ಅದನ್ನೇ ಹಿಡಿದುಕೊಂಡರು. ಫಸಫಸ ದುಂಡವ್ವ ಅಂದರೆ ಅವಳಿಗೂ ಖುಷಿ. ಆ ಹೆಸರು ಕಿವಿಗೆ ಬಿದ್ದಷ್ಟೂ ಕಾಲು ಚುರುಕಾಗುತ್ತಿತ್ತು.

ಎಂಬತ್ತೇಳರ ಬೇಸಿಗೆಯಲ್ಲಿ ಮದುವೆಗಳ ಗದ್ದಲ. ಆವತ್ತು ದುಂಡವ್ವ ಹಿಡಿಕೆ ತಿರುವುತ್ತಿದ್ದಳು, ಮಾಳಸಿದ್ದ ತುಂಬಿದ ಬಾಟಲಿ ತೆಗೆಯುತ್ತಿದ್ದ. ಒಂದು ಬಾಟಲಿ ಅವನ ಕೈಯಲ್ಲೇ ಸಿಡಿಯಿತು. ಗಾಜು ಅಂಗೈಯನ್ನು ಸೀಳಿತು. ಮೀರಜಿನಲ್ಲಿ ಹೊಲಿಗೆ ಹಾಕಿಸಿದರು, ಗಾಯ ಮಾಯಿತು, ಬಲಗೈಯ ಎರಡು ಬೆರಳು ಮಾತ್ರ ಮಡಚದೇ ಹೋದವು.

"ನಂದ ಗಡಿಬಿಡಿ," ಎಂದಳು ದುಂಡವ್ವ. "ಹಿಡಿಕಿ ಹೆಚ್ಚ ತಿರವಿದ್ನಿ."

ಮಾಳಸಿದ್ದ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ಅಂಗಡಿ ಮುಚ್ಚಿತು. ಅವನು ತಮ್ಮನ ಆಡು ಮೇಯಿಸಲು ಹೋಗತೊಡಗಿದ. ದುಂಡವ್ವ ಅವ್ವ ಹೇಳಿದಂತೆ ಕೂರಲು ನೋಡಿದಳು. ಆರಿಸಿದ ಬೇಳೆಯನ್ನೇ ಮತ್ತೆ ಆರಿಸುವಳು. ರೈಲಿನ ಸೀಟಿ ಕೇಳಿದರೆ ದಡಕ್ಕನೆ ಎದ್ದು ಬಾಗಿಲಿಗೆ ಬಂದು, ಸೆರಗಿನ ತುದಿ ತಿರುವುತ್ತ ನಿಂತು, ಮತ್ತೆ ಒಳಗೆ ಹೋಗುವಳು. ಪಕ್ಕದ ಮನೆಯ ಸುಗಂಧಾ ಒಮ್ಮೆ ಮರೆತು, "ಏ ಫಸಫಸಿ, ಬಾ ಇಲ್ಲಿ," ಎಂದು ಕರೆದಳು. "ಇನ್ನೊಮ್ಮಿ ಆ ಹೆಸರ ತಗದ್ರ ನೋಡ!" ಎಂದು ದುಂಡವ್ವ ಬಾಗಿಲು ಹಾಕಿಕೊಂಡಳು.

ವರ್ಷ ಕಳೆಯಿತು. ಮಷಿನ್ ಮಾರುವುದೆಂದು ಅವಳೇ ಹಟ ಹಿಡಿದಳು. ಅಥಣಿಯಿಂದ ಧರೆಪ್ಪನೆಂಬವನು ನೋಡಲು ಬಂದ. ಮಷಿನ್ ತಿರುವಿ ನೋಡಿ, ಬಾಟಲಿಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದ.

"ಇದರ ಕುತಗಿಗೆ ಬಿರಕ ಐತಲ್ರಿ. ಇಂಥಾದ್ರಾಗೂ ತುಂಬತಿದ್ರೇನು?"

ಮಾಳಸಿದ್ದ ನೆಲ ನೋಡಿದ. "ಆವತ್ತ ಒಡದದ್ದೂ ಇಂಥಾದ್ದ. ಬಿರಕ ನಾ ನೋಡಿದ್ನಿ. ಬಾಟ್ಲಿ ಕಮ್ಮಿ ಬೀಳ್ತಾವಂತ ತಗದ ಇಡಲಿಲ್ಲ."

ದುಂಡವ್ವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಗಂಡನ ಎದುರಿಗೆ ಬಂದು ನಿಂತಳು.

"ಒಂದ ವರ್ಷ! ನಾ ಒಳಗೊಳಗ ಬೇಯೂದ ನೋಡಕೋತ ಒಂದ ವರ್ಷ ಬಾಯಿ ಮುಚ್ಚಿ ಕುಂತ್ರಿ?"

"ಹೇಳಬೇಕಂತಿದ್ನಿ. ಬಾಯಿ ಬರಲಿಲ್ಲ."

ಅವಳು ಧರೆಪ್ಪನನ್ನು ಹೊರಡಿಸಿದಳು. ಬಿರುಕು ಬಿಟ್ಟ ಬಾಟಲಿಗಳನ್ನೆಲ್ಲ ಹಿತ್ತಲಿಗೆ ಒಯ್ದು ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿದಳು. ಆಮೇಲೆ ಮೂರು ದಿನ ಗಂಡನನ್ನು ಬೈದಳು. ರೊಟ್ಟಿ ಬಡಿಯುತ್ತ ಬೈದಳು, ನೀರು ತರುತ್ತ ಬೈದಳು. ನಾಲ್ಕನೆಯ ದಿನ ಮಾಳಸಿದ್ದ ಮೆಲ್ಲಗೆ ಅಂದ: "ಬೈಯಿ. ನೀ ಸುಮ್ಮ ಕುಂತಿದ್ದಿ ನೋಡ, ಆಗ ನನಗ ಅಂಜಿಕಿ ಬರ್ತಿತ್ತು."

ಅದೇ ವಾರ ಅಂಗಡಿ ತೆರೆಯಿತು. ಪ್ರತಿ ಬಾಟಲಿಯನ್ನೂ ಮಾಳಸಿದ್ದ ಬಿಸಿಲಿಗೆ ಹಿಡಿದು ನೋಡಿ ಕೊಡುತ್ತಿದ್ದ. ದುಂಡವ್ವ ಪೆಟ್ಟಿಗೆಗೆ ಹಸಿ ಗೋಣಿತಟ್ಟು ಹೊದಿಸಿ ಹಿಡಿಕೆ ತಿರುವುತ್ತಿದ್ದಳು. ಗಿರಾಕಿಗಳು ಹಳೆಯ ಹೆಸರಿನಿಂದಲೇ ಕರೆದರು, ಅವಳು ಓಗೊಟ್ಟಳು. ಆದರೆ ಮೊದಲಿನ ಹಗುರ ಬರಲಿಲ್ಲ. ಗೋಟಿ ಟಕ್ಕೆಂದಾಗಲೆಲ್ಲ ನಗುತ್ತಿದ್ದವಳ ಕಣ್ಣು ಈಗ ಗಂಡನ ಕೈಯ ಕಡೆ ಹೊರಳುತ್ತಿತ್ತು.

ತೊಂಬತ್ತೊಂದರಲ್ಲಿ ರಾಯಬಾಗದ ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಂದು ಮಷಿನ್ ಹಾಕಿದಳು. ಗಂಡ ಕುಡಚಿಯಲ್ಲಿ ತಮ್ಮನನ್ನು ಜೊತೆಗಿಟ್ಟುಕೊಂಡು ನಡೆಸಿದ, ಇವಳು ಬೆಳಗಿನ ಬಸ್ಸಿಗೆ ರಾಯಬಾಗಕ್ಕೆ. ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತೇ ಹೋಗುತ್ತಿದ್ದಳು. ಮಧ್ಯಾಹ್ನದ ಬಸ್ಸಿಗೆ ಮಾಳಸಿದ್ದ ಬುತ್ತಿ ಕಳಿಸುತ್ತಿದ್ದ. ಅರ್ಧ ರೊಟ್ಟಿ ತಿನ್ನುವಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರಿನವರು ಯಾರಾದರೂ ಸೋಡಾ ಬೇಕೆಂದು ಕೂಗುತ್ತಿದ್ದರು; ಉಳಿದದ್ದನ್ನು ಅರಿವೆಯಲ್ಲಿ ಕಟ್ಟಿಟ್ಟು ಎದ್ದು ಹೋಗುತ್ತಿದ್ದಳು.